ನೀರು ಮಾಯವಾಗುತ್ತಿದ್ದ ಓಣಿ

ತಾಳಿಕೋಟೆಯ ಆ ಓಣಿಯಲ್ಲಿ ಗಟಾರದ ನೀರು ಎಲ್ಲಿಗೆ ಹೋಗುತ್ತದೆಂದು ಯಾರನ್ನು ಕೇಳಿದರೂ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಕೆಲವರು ಹಳ್ಳಕ್ಕೆ ಅಂದರು. ಕೆಲವರು "ಹೋಗ್ತೈತಿ ಎಲ್ಲರ" ಎಂದು ಬಾಗಿಲು ಹಾಕಿಕೊಂಡರು. ಅದನ್ನು ಕಂಡುಹಿಡಿಯುವುದೇ ಆಗ ನನ್ನ ಕೆಲಸವಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಕಡೆಯ ಕೆಲವು ಊರುಗಳಲ್ಲಿ ಹಳೆಯ ತೆರೆದ ಗಟಾರಗಳನ್ನು ಕಿತ್ತು, ಮಳೆನೀರಿಗೆ ಬೇರೆ ಕಾಲುವೆ, ಮನೆಗಳ ಹೊಲಸು ನೀರಿಗೆ ನೆಲದಡಿಯ ಕೊಳವೆ ಹಾಕುವ ಮಾತು ನಡೆದಿತ್ತು. ಹಾರೆ ಬೀಳುವ ಮೊದಲು ಅದರಿಂದ ಊರಿನ ಬಾವಿಗೆ, ಬೋರಿಂಗಿಗೆ, ಗಿಡಕ್ಕೆ, ಮಂದಿಗೆ ಏನಾಗುತ್ತದೆಂದು ತಿಳಿದು ವರದಿ ಬರೆಯಬೇಕಿತ್ತು. ಆ ವರದಿಯ ಗುತ್ತಿಗೆ ಹಿಡಿದ ಸಣ್ಣ ಕಂಪನಿಯಲ್ಲಿ ನಾನು ನೀರು ನೋಡುವವಳು. ರಸಾಯನಶಾಸ್ತ್ರ ಓದಿ, ಬಸವನ ಬಾಗೇವಾಡಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದವಳಿಗೆ ಸಿಕ್ಕ ಮೊದಲ ನೌಕರಿ ಅದು. ಮುದ್ದೇಬಿಹಾಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಗಿನ ಬಸ್ಸಿಗೆ ತಾಳಿಕೋಟೆಗೆ ಹೋಗಿ, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಸಂಜೆ ಮರಳುತ್ತಿದ್ದೆ. ನನ್ನ ಮೇಲೆ ಒಬ್ಬ ಇಂಜಿನಿಯರ್ ಇದ್ದರು. ಧಾರವಾಡ ಕಡೆಯವರು, ನಿವೃತ್ತಿಗೆ ಹತ್ತಿರವಾದವರು, ಮಾತು ಕಡಿಮೆ.

ಆ ಓಣಿಯ ಮನೆಗಳೆಲ್ಲ ಕಲ್ಲಿನವು. ಗೋಡೆ, ನೆಲ, ಮಾಳಿಗೆ ಎಲ್ಲಕ್ಕೂ ಅಲ್ಲಿಯೇ ಸಿಗುವ ಬೂದುಬಣ್ಣದ ಹಾಸುಗಲ್ಲು. ಎರಡೂ ತುದಿಯಿಂದ ಹರಿದು ಬರುತ್ತಿದ್ದ ಗಟಾರ ಓಣಿಯ ನಡುವೆ ಕೂಡುತ್ತಿತ್ತು. ಅಲ್ಲಿ ದೊಡ್ಡ ಹಾಸುಗಲ್ಲುಗಳನ್ನು ಒತ್ತಾಗಿ ಜೋಡಿಸಿದ್ದರು. ಅವುಗಳಡಿಗೆ ನುಸುಳಿದ ನೀರು ಮತ್ತೆ ಹೊರಗೆ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಪಕ್ಕದ ಓಣಿಗಳಲ್ಲಿ ಮೊಣಕಾಲು ಮಟ ನೀರು ನಿಂತರೂ ಇಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಸಂಗತಿಯನ್ನು ನಾನು ನಿಧಾನವಾಗಿ ಗಮನಿಸಿದೆ. ಆ ಕಲ್ಲುಗಳ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ತಲೆಯ ಮೇಲೆ ಭಾರ ಹೊತ್ತವರೂ ಗೋಡೆಗೆ ಒರಗಿಕೊಂಡಂತೆ ಸುತ್ತುಹಾಕಿ ದಾಟುತ್ತಿದ್ದರು. ಅಲ್ಲಿ ಎಮ್ಮೆ ಕಟ್ಟುತ್ತಿರಲಿಲ್ಲ, ಜೋಳ ಒಣಹಾಕುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಆ ಕಲ್ಲಿನ ಮೇಲೆ ಮೊಣಕಾಲೂರಿ ಸಂದಿಗೆ ಕಿವಿ ಹಚ್ಚಿದೆ. ಬಹಳ ಕೆಳಗೆ ನೀರು ಬೀಳುತ್ತಿತ್ತು. ಬಿದ್ದ ಸದ್ದು ಸ್ವಲ್ಪ ಹೊತ್ತು ಸುತ್ತಾಡಿ ಮೇಲೆ ಬರುತ್ತಿತ್ತು, ಕೆಳಗೆ ಖಾಲಿ ಮನೆಯೊಂದು ಇರುವ ಹಾಗೆ.

"ಏಳವಾ ತಂಗಿ. ಅದರ ಮ್ಯಾಲ ಯಾರೂ ಕೂಡಂಗಿಲ್ಲ."

ಎದುರು ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಬೈಯುವ ದನಿಯಲ್ಲ, ಆದರೆ ಮತ್ತೊಮ್ಮೆ ಹೇಳಿಸಿಕೊಳ್ಳುವ ಹಾಗೂ ಇರಲಿಲ್ಲ. ನಾನು ಎದ್ದೆ.

"ಕೆಳಗ ಏನೈತ್ರಿ ಆಯಿ?"

"ಬಾವಿ," ಅಂದಳು. ಆಮೇಲೆ, "ನನ್ನ ಮಗಳ ಬಾವಿ."

ಒಳಗೆ ಕರೆದು ನೀರು ಕೊಟ್ಟಳು. ಒಬ್ಬಳೇ ಇದ್ದಳು, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಕೇಳದಿದ್ದರೂ ಹೇಳಿದಳು. ಎಪ್ಪತ್ತರ ದಶಕದ ದೊಡ್ಡ ಬರ ಮುಗಿದ ಮರುವರ್ಷದ ಮಾತು. ಸಿಂದಗಿ ಕಡೆ ಕೊಟ್ಟಿದ್ದ ಮಗಳು ಪಂಚಮಿಗೆ ತವರಿಗೆ ಬಂದಿದ್ದಳು. ಗಂಡನ ಮನೆಯಲ್ಲಿ ಹೊಡೆತವಿತ್ತು. ಹಬ್ಬ ಮುಗಿಯಿತು, ಕಳಿಸಬೇಕೆಂದು ಅಪ್ಪ ಬಂಡಿ ಗೊತ್ತುಮಾಡಿದ. ಹೊರಡುವ ದಿನ ಬೆಳಿಗ್ಗೆ ಮಗಳು ಕೊಡ ತಗೊಂಡು ಮನೆಯೆದುರಿನ ಬಾವಿಗೆ ಹೋದಳು. ಕೊಡ ಬಾವಿಕಟ್ಟೆಯ ಮೇಲೆ ತುಂಬಿ ನಿಂತಿತ್ತು, ಅವಳಿರಲಿಲ್ಲ.

"ಈಸೋ ಮಂದಿ ಇಳದ್ರು. ಪಾತಾಳಗರಡಿ ಬಿಟ್ಟು ಜಾಲಾಡಿದ್ರು. ಏನೂ ಸಿಗಲಿಲ್ಲ. ಹೆಣ ತೇಲತೈತಿ ಅಂತ ದಿನಾ ಕಾದ್ರು, ತೇಲಲೂ ಇಲ್ಲ. ಆಕಿ ಗಂಡನ ಮನ್ಯಾವ್ರು ಓಡಿಹೋಗ್ಯಾಳ ಅಂದ್ರು. ನಮ್ಮವ್ರು ಬಾವ್ಯಾಗ ಅದಾಳ ಅಂದ್ರು. ಮರ್ಯಾದಿ ಅಲ್ಲೇನವಾ, ಮಗಳು ಸತ್ರ ಬರೇ ದುಃಖ, ಓಡಿಹೋದ್ರ ನಾಚಿಗಿ. ಹಿಂಗಾಗಿ ಆಕಿ ಬಾವ್ಯಾಗ ಸತ್ಲು."

ಅಂದಿನಿಂದ ಓಣಿಯವರು ಆ ನೀರು ಮುಟ್ಟಲಿಲ್ಲ. ಕೆಲವು ವರ್ಷಕ್ಕೆ ನಳ ಬಂತು. ಹಿರಿಯರು ಕೂಡಿ ಬಾವಿಗೆ ಒಂದಿಷ್ಟು ಕಲ್ಲು ಮಣ್ಣು ಸುರಿಸಿ, ಮೇಲೆ ಹಾಸುಗಲ್ಲು ಮುಚ್ಚಿಸಿದರು. ಪೂರ್ತಿ ತುಂಬಲಿಲ್ಲ. ಗಟಾರಕ್ಕೆ ದಾರಿ ಬೇಕಾದಾಗ ಅದರೊಳಗೇ ಬಿಟ್ಟರು.

"ನನ್ನ ಮಗಳ ಮ್ಯಾಲ ಊರ ಹೊಲಸ ನೀರ ಬಿಟ್ರು. ನಾನೂ ದಿನಾ ಭಾಂಡೆ ತೊಳದ ನೀರ ಅದಕ್ಕ ಚೆಲ್ಲತೇನಿ. ಮತ್ತೆಲ್ಲಿ ಚೆಲ್ಲಲಿ?"

ಮರುದಿನ ಇಂಜಿನಿಯರಿಗೆ ಬಾವಿಯ ವಿಷಯ ಹೇಳಿದೆ. ಅವರು ಆ ಕಲ್ಲುಗಳ ಸುತ್ತ ಒಮ್ಮೆ ನಡೆದು ನೋಡಿ, "ಬಾವಿ ತುಂಬಿ ಹೊರಗ ಬರವಲ್ದು ಅಂದ್ರ ಒಳಗ ಎಲ್ಲೋ ದಾರಿ ಐತಿ. ಆ ದಾರಿ ಯಾರ ಕುಡಿಯೋ ನೀರಿಗೆ ಹೊಂಟೈತೋ ನೋಡೂಣು," ಅಂದರು.

ಇಂಥದ್ದಕ್ಕೆ ನಮ್ಮ ಬಳಿ ಒಂದು ಬಣ್ಣದ ಪುಡಿ ಇತ್ತು. ಮಂದಿಗೆ ಅಪಾಯವಿಲ್ಲದ್ದು. ಒಂದು ಬೊಗಸೆ ಹಾಕಿದರೆ ಸಾಕು, ಎಷ್ಟೋ ನೀರಿನಲ್ಲಿ ಬೆರೆತರೂ ಬಿಸಿಲಿಗೆ ಹೊಳೆಯುವ ಹಸಿರಾಗಿ ಕಾಣುತ್ತದೆ. ಓಣಿಯವರಿಗೆ ತಿಳಿಸಿ, ಗಟಾರ ಕಲ್ಲಿನಡಿ ನುಸುಳುವಲ್ಲಿ ಅದನ್ನು ಸುರಿದೆ. ಹಸಿರು ನೀರು ಒಂದು ಕ್ಷಣ ಸುಳಿ ತಿರುಗಿ ಒಳಗೆ ಹೋಯಿತು.

ಕೆಲವು ದಿನ ಎಲ್ಲಿಯೂ ಏನೂ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಎರಡು ಓಣಿಗಳಾಚೆ, ಮಂದಿ ದಿನವೂ ಕುಡಿಯಲು ಒಯ್ಯುವ ಬೋರಿಂಗಿನಿಂದ ಹಸಿರು ನೀರು ಬಂತು. ನಾನು ತಲುಪುವಷ್ಟರಲ್ಲಿ ಅಲ್ಲಿ ಗುಂಪು ಸೇರಿತ್ತು. ತುಂಬಿದ ಕೊಡಗಳನ್ನು ನೆಲಕ್ಕೆ ಬೋರಲು ಹಾಕಿದ್ದರು. ಬಣ್ಣ ನಾವು ಹಾಕಿದ್ದೆಂದು ಎಷ್ಟು ತಿಳಿಸಿ ಹೇಳಿದರೂ ಸಂಜೆಯ ಹೊತ್ತಿಗೆ ಬೇರೆಯೇ ಮಾತು ಹಬ್ಬಿತ್ತು. ಬಾವಿಗೆ ಬಿದ್ದವಳು ಹಸಿರು ಸೀರೆ ಉಟ್ಟಿದ್ದಳಂತೆ, ಈಗ ಹೊರಗೆ ಬರುತ್ತಿದ್ದಾಳಂತೆ.

ಮುದುಕಿ ಅದನ್ನು ಕೇಳಿ ತಲೆಯಾಡಿಸಿದಳು. "ಆಕಿ ಉಟ್ಟಿದ್ದು ಹಸರಲ್ಲ. ಕುಸುಬಿ ಹೂವಿನ ಬಣ್ಣದ್ದು. ನಾನ ಉಡಿಸೀನಿ."

ಡಬ್ಬಿಯಲ್ಲಿದ್ದ ಒಣ ಪುಡಿಯದೂ ಅದೇ ಕುಸುಬಿ ಹೂವಿನ ಕೇಸರಿ ಬಣ್ಣವಾಗಿತ್ತು. ನೀರಿಗೆ ಬಿದ್ದ ಮೇಲಷ್ಟೇ ಅದು ಹಸಿರಾಗುವುದು. ನನಗೆ ಅದರ ಕಾರಣ ಚೆನ್ನಾಗಿ ಗೊತ್ತಿತ್ತು. ಆದರೂ ಆ ವಾರ ನನ್ನ ಕೋಣೆಯಲ್ಲಿ ಆ ಡಬ್ಬಿಯನ್ನು ಕಾಣುವ ಹಾಗೆ ಇಡಲಾರದೆ ಮಂಚದ ಕೆಳಗೆ ಸರಿಸಿದೆ.

"ತಂಗಿ," ಮುದುಕಿ ಕೇಳಿದಳು, "ಇಲ್ಲಿ ಹೋದದ್ದು ಅಲ್ಲಿ ಬಂತಲ್ಲ. ಹಂಗಾದ್ರ ಕೆಳಗ ಹಾದಿ ಐತಿ. ಮನಶ್ಯಾ ಹೋಗುವಷ್ಟು ಐತೇನು?"

"ಕಲ್ಲಿನ ಬಿರುಕು ಇರತಾವ್ರಿ ಆಯಿ. ಕೂದಲೆಳಿ ಅಷ್ಟು ಸಣ್ಣವೂ ಇರತಾವು."

"ಇರತಾವು. ಆದ್ರ ನೀ ನೋಡಿಲ್ಲ."

ನಾನು ನೋಡಿರಲಿಲ್ಲ.

ವರದಿ ಮುಗಿಸುವ ಮೊದಲು ಊರವರ ಅಭಿಪ್ರಾಯ ಕೇಳುವ ಸಭೆಯಾಗಬೇಕಿತ್ತು. ಶಾಲೆಯ ಅಂಗಳದಲ್ಲಿ ಸೇರಿದರು. ಇಂಜಿನಿಯರ್ ನೇರವಾಗಿ ಹೇಳಿದರು, ಬಾವಿಯನ್ನು ತೆಗೆದು, ಕೊಳೆ ಹೊರಹಾಕಿ, ಬಿರುಕು ಮುಚ್ಚಿ, ಒಳ್ಳೆಯ ಮಣ್ಣಿನಿಂದ ತುಂಬದೆ ಮೇಲೆ ಕೊಳವೆ ಹಾಕಿದರೆ ಇಡೀ ಊರಿನ ಕುಡಿಯುವ ನೀರು ಕೆಡುತ್ತಲೇ ಇರುತ್ತದೆ. ಓಣಿಯ ಗಂಡಸರು ಒಪ್ಪಲಿಲ್ಲ. ಒಬ್ಬರು ಎದ್ದು, "ಮ್ಯಾಲಿಂದ ಮ್ಯಾಲ ಪೈಪ್ ಹಾಕ್ಕೊಂಡ ಹೋಗ್ರಿ ಸಾಹೇಬ್ರ. ಮುಚ್ಚಿದ್ದನ್ನ ತೆಗಿಯೋದು ಬ್ಯಾಡ," ಅಂದರು. ಉಳಿದವರು ಹೂಂಗುಟ್ಟಿದರು.

ಮುದುಕಿ ಹೆಂಗಸರ ಕಡೆ ಹಿಂದೆ ಕೂತಿದ್ದಳು. ಹಿಂದಿನ ದಿನವಷ್ಟೇ ನನಗೆ ಹೇಳಿದ್ದಳು, "ಸಿಕ್ಕರ, ಇಷ್ಟು ವರ್ಷ ಆಕಿ ಮ್ಯಾಲ ಮುಸುರಿ ಚೆಲ್ಲೀನಿ ಅಂತಾತು. ಸಿಗದಿದ್ರ ಆಕಿ ಎಲ್ಲಿ ಅದಾಳ? ಎರಡೂ ನನಗ ಬ್ಯಾಡ." ಅದಕ್ಕೇ ಅವಳು ಮಾತಾಡಲಾರಳೆಂದು ನಾನು ತಿಳಿದಿದ್ದೆ. ಆದರೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ತಗೀರಿ," ಅಂದಳು. "ನನ್ನ ಮಗಳ ಸಲುವಾಗಿ ಮುಚ್ಚೀವಿ ಅಂತೀರಿ. ನಾನ ಹೇಳತೇನಿ, ತಗೀರಿ. ಮಂದಿ ಕೂಸು ಕುನ್ನಿ ಆ ನೀರ ಕುಡ್ಯಾಕತ್ತಾವು."

ಆಮೇಲೆ ಯಾರೂ ಎದುರಾಡಲಿಲ್ಲ.

ಬೇಸಿಗೆಯಲ್ಲಿ ಕಲ್ಲುಗಳನ್ನು ಎಬ್ಬಿಸಿದರು. ವಾಸನೆಗೆ ಓಣಿಯ ಅರ್ಧ ಮಂದಿ ನೆಂಟರ ಮನೆಗಳಿಗೆ ಹೋದರು. ಪೊಲೀಸನೊಬ್ಬ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕುರ್ಚಿ ಹಾಕಿ ಕೂತ. ಮುದುಕಿ ತನ್ನ ಹೊಸ್ತಿಲು ಬಿಡಲಿಲ್ಲ. ಪಂಪು ಹಚ್ಚಿ ನೀರೆತ್ತಿದರು, ಬುಟ್ಟಿಗಳಲ್ಲಿ ಕೆಸರೆತ್ತಿದರು. ಹಳೆಯ ಕೊಡಗಳು, ಒಂದು ರಾಟೆ, ಚಪ್ಪಲಿ, ಮುಖ ಒಡೆದ ಕಲ್ಲಿನ ಬಸವಣ್ಣ, ಕೊನೆಗೆ ತಳದ ಕೆಸರಿನಲ್ಲಿ ಬಳೆಚೂರುಗಳು. ಹಸಿರು, ಕೆಂಪು, ಕಪ್ಪು, ಬುಟ್ಟಿ ತುಂಬುವಷ್ಟು. ಆ ಚೂರುಗಳನ್ನು ತೊಳೆದು ಮುದುಕಿಯ ಮುಂದೆ ಇಟ್ಟರು. ಅವಳು ಬೆರಳಿನಿಂದ ಒಂದಿಷ್ಟು ಸರಿಸಿ ನೋಡಿದಳು.

"ಇವು ಎಲ್ಲಾರವೂ. ನೀರ ಸೇದೂವಾಗ ಒಡದಾವು. ನನ್ನವೂ ಅದಾವು."

ಎಲುಬು ಸಿಗಲಿಲ್ಲ. ತಳದ ಬಂಡೆ ಕಾಣುವವರೆಗೆ ಕೆಸರು ತೆಗೆದು, ಜರಡಿ ಹಿಡಿದು ನೋಡಿದರು. ಸಿಗಲಿಲ್ಲ.

ಬಿರುಕು ಎಲ್ಲಿದೆಯೆಂದು ನೋಡಿ ನೀರು ಹಿಡಿಯಲು ನಾನು ಇಳಿಯಬೇಕಿತ್ತು. ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ಮೊದಲು ಕಂದೀಲು ಇಳಿಬಿಟ್ಟರು, ದೀಪ ಆರಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆಯ ಪಾವಟಿಗೆಗಳ ಮೇಲೆ ಕಾಲಿಡುತ್ತ ಇಳಿದೆ. ಮೇಲೆ ಬೇಸಿಗೆಯ ಬಿಸಿಲು, ಕೆಳಗೆ ಚಳಿ. ತಳದಿಂದ ಆಳೆತ್ತರಕ್ಕೆ, ಕಲ್ಲಿನ ಎರಡು ಪದರಗಳ ನಡುವೆ ಅಡ್ಡಕ್ಕೆ ಒಂದು ಸೀಳು. ಬಾವಿ ಖಾಲಿಯಾದ್ದರಿಂದ ಈಗ ಅದರೊಳಗಿನಿಂದ ನೀರು ತಿರುಗಿ ಬಾವಿಗೆ ತೆಳ್ಳಗೆ ಇಳಿಯುತ್ತಿತ್ತು, ಕನ್ನಡಿಯಷ್ಟು ತಿಳಿಯಾದ ನೀರು. ಬಾಟಲಿ ತುಂಬಿಕೊಂಡೆ. ಆಮೇಲೆ ಯಾರೂ ಹೇಳದ ಕೆಲಸವೊಂದನ್ನು ಮಾಡಿದೆ. ಸೀಳಿನೊಳಗೆ ಕೈ ಹಾಕಿದೆ. ಮೊಣಕೈ ದಾಟಿ ಹೋಯಿತು. ಒಳಗಿನಿಂದ ತಣ್ಣನೆಯ ಗಾಳಿ ಬೆರಳುಗಳನ್ನು ಸವರಿ, ನಿಂತು, ಮತ್ತೆ ಸವರಿತು, ಉಸಿರಿನಂತೆ. ದೂರದ ಒಳಗೆಲ್ಲೋ ನೀರು ಮಾತಾಡುವ ಹಾಗೆ ಸದ್ದು ಮಾಡುತ್ತಿತ್ತು. ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳಿದಂತೆ ಕೇಳಿತು. ಕೈ ಎಳೆದುಕೊಂಡು ಹಗ್ಗ ಜಗ್ಗಿದೆ.

ಮೇಲೆ ಬಂದಾಗ ಮುದುಕಿ ಹೊಸ್ತಿಲಿಂದ ಎದ್ದು ಬಾವಿಯ ಬಾಯಿಯವರೆಗೆ ಬಂದಿದ್ದಳು.

"ಈಗ ನೋಡಿದೆಲ್ಲ?"

"ನೋಡಿದ್ನಿರಿ. ಕೈ ಹೋಗತೈತಿ. ಭುಜ ಹೋಗಂಗಿಲ್ಲ."

ಅವಳು ನನ್ನ ಒದ್ದೆ ತೋಳನ್ನು ನೋಡಿದಳು. ಅದನ್ನು ಹಿಡಿದು ಭುಜದವರೆಗೂ ಒಮ್ಮೆ ಸವರಿ ಅಳತೆ ನೋಡಿದಳು.

"ಹಂಗಾರ ಆಕಿ ಇದರಾಗ ಬಿದ್ದೇ ಇಲ್ಲ," ಅಂದಳು. "ಕೊಡ ತುಂಬಿಟ್ಟು, ನಡಕೋತ ಹ್ವಾದ್ಲು." ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು. ದುಃಖಕ್ಕಿಂತ ಸಿಟ್ಟು ಹೆಚ್ಚಿದ್ದ ಅಳು ಅದು. "ನನಗರ ಒಂದ ಮಾತ ಹೇಳಬಾರದಾಗಿತ್ತೇನು?"

ಸೀಳನ್ನು ಮುಚ್ಚಿ, ಬಾವಿ ತುಂಬಿ, ಕೊಳವೆಯನ್ನು ಓಣಿಯ ಅಂಚಿಗೆ ಸರಿಸಿ ಹಾಕಿದರು. ಬೋರಿಂಗಿನ ನೀರು ಸುಧಾರಿಸಿತೆಂದು ಮಳೆಗಾಲದ ನಂತರದ ಪರೀಕ್ಷೆಯಲ್ಲಿ ತಿಳಿಯಿತು. ಮಂದಿ ಈಗ ಓಣಿಯ ನಡುವೆಯೇ ನಡೆಯುತ್ತಿದ್ದರು. ಹೆದರಿಕೆ ಹೋಗಿತ್ತು. ಆದರೆ ಅದು ನನ್ನೊಳಗೆ ಬೇರೊಂದು ರೂಪದಲ್ಲಿ ಉಳಿಯಿತು. ಬಾವಿಯಲ್ಲಿ ಇಲ್ಲದವಳು ಎಲ್ಲಿಯಾದರೂ ಇರಬಹುದಲ್ಲ. ಬಸ್ಸುಗಳಲ್ಲಿ, ಸಂತೆಗಳಲ್ಲಿ, ನಾನು ನೀರು ಕೇಳಿ ನಿಂತ ಎಲ್ಲ ಬಾಗಿಲುಗಳಲ್ಲಿ, ನಲವತ್ತು ದಾಟಿದ ಹೆಂಗಸರ ಮುಖಗಳನ್ನು ಹುಡುಕುವುದು ನನಗೆ ಚಟವಾಯಿತು. ನಾನು ಹುಟ್ಟುವ ಮೊದಲೋ ಆಗಷ್ಟೇ ಹುಟ್ಟಿದಾಗಲೋ ಮನೆ ಬಿಟ್ಟುಹೋದ, ಒಮ್ಮೆಯೂ ಕಾಣದ ಒಬ್ಬ ಹೆಣ್ಣುಮಗಳು ನನ್ನ ಜೊತೆ ಊರೂರು ತಿರುಗುತ್ತಿದ್ದಳು.

ಮರುವರ್ಷ ಕೆಲಸ ಇಂಡಿಗೆ ಬಂತು. ಒಂದು ಸಂತೆಯ ದಿನ ಬಸ್‌ನಿಲ್ದಾಣದ ಹೊರಗೆ ಲಿಂಬೆಹಣ್ಣಿನ ಬುಟ್ಟಿಗಳ ನಡುವೆ ಒಬ್ಬಾಕೆ ವ್ಯಾಪಾರ ಮಾಡುತ್ತಿದ್ದಳು. ಮುದುಕಿಯದೇ ಆ ಗಲ್ಲ, ಆ ಅಗಲ ಹಣೆ, ತಲೆ ತುಸು ಓರೆ ಮಾಡಿ ಕೇಳುವ ರೀತಿ. ನನ್ನ ಕಾಲುಗಳು ತಾವಾಗಿ ನಿಂತವು. ಹತ್ತಿರ ಹೋಗಿ, ಲಿಂಬೆಹಣ್ಣು ಕೊಳ್ಳುವ ನೆವದಲ್ಲಿ ಮಾತಿಗೆಳೆದೆ.

"ಅಕ್ಕಾರ, ನಿಮ್ಮ ತವರಮನಿ ಯಾವೂರ್ರಿ?"

ಅವಳ ಕೈ ನಿಂತಿತು. ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು.

"ಯಾಕ?"

"ನಾ ತಾಳಿಕೋಟಿಯಾಗ ಕೆಲಸ ಮಾಡತಿದ್ನಿ. ಅಲ್ಲಿ ಒಬ್ಬ ಆಯಿ ನಿಮ್ಹಂಗ ಅದಾರ."

ಕೈಯಲ್ಲಿದ್ದ ಲಿಂಬೆಹಣ್ಣನ್ನು ಬುಟ್ಟಿಗೆ ಹಾಕಿದಳು. "ಹಂಗ ಇರತಾರ ಮಂದಿ," ಅಂದಳು. "ನನಗ ತವರಮನಿ ಇಲ್ಲವಾ." ಬುಟ್ಟಿ ಎತ್ತಿ ಸೊಂಟಕ್ಕಿಟ್ಟು, ಪಕ್ಕದಲ್ಲಿದ್ದ ಹುಡುಗಿಯ ಕೈ ಹಿಡಿದು, ಚಡಚಣದ ಬಸ್ಸಿನ ಕಡೆ ನಡೆದಳು. ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದಳು. ಆಮೇಲೆ ನಾನು ಎಷ್ಟೋ ಸಂತೆಗಳಲ್ಲಿ ನೋಡಿದೆ, ಅವಳು ಮತ್ತೆ ಕಾಣಲಿಲ್ಲ.

ತಾಳಿಕೋಟೆಗೆ ಕೊನೆಯ ಸಲ ನೀರು ಪರೀಕ್ಷೆಗೆ ಹೋದಾಗ ಮುದುಕಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಹೇಳಿದೆ. ಅವಳೇ ಆಗಿರಬೇಕೆಂದಿಲ್ಲ, ನನ್ನ ಕಣ್ಣಿಗೆ ಹಾಗೆ ಕಂಡಿರಬಹುದು ಎಂದೂ ಹೇಳಿದೆ. ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಮೈ ತುಂಬಿತ್ತೇನು?"

"ಹೌದ್ರಿ. ಗಟ್ಟಿಮುಟ್ಟು ಇದ್ರು."

"ಕೂಡ ಯಾರರ ಇದ್ರೇನು?"

"ಒಂದು ಹುಡುಗಿ ಇತ್ರಿ. ಮಗಳೋ ಮೊಮ್ಮಗಳೋ ಗೊತ್ತಾಗಲಿಲ್ಲ."

"ಹುಡುಗಿ ನಕ್ಕೋತ ಇತ್ತೇನು?"

ನಾನು ನೆನಪಿಸಿಕೊಂಡೆ. ಆ ಹುಡುಗಿ ಲಿಂಬೆಹಣ್ಣೊಂದನ್ನು ಮೇಲೆ ತೂರಿ ಹಿಡಿಯುತ್ತಿತ್ತು. "ಹೌದ್ರಿ ಆಯಿ, ನಗತಿತ್ತು."

ಅವಳು ಮತ್ತೆ ಮೊರ ಕೈಗೆತ್ತಿಕೊಂಡಳು. "ಹಂಗಾರ ಮತ್ತ ಹೋಗಿ ಕೇಳಬ್ಯಾಡ," ಅಂದಳು. "ಕೇಳಿದ್ರ ಅಂಜತಾಳ."