ಬೀಗ ಹಾಕಿದ ವಾಟ್ಸಾಪ್ ಗ್ರೂಪು

ಗೆಳೆಯರೇ, ಗುಡ್ ಮಾರ್ನಿಂಗ್ ಹೂವುಗಳ ಕಾಟ ತಾಳಲಾರದೆ ಮುಂಬಯಿಯ ನಮ್ಮ ಭಾಂಡುಪ್ ಬಿಲ್ಡಿಂಗಿನ ಸೆಕ್ರೆಟರಿ ಶೆಟ್ಟರು ನಿನ್ನೆ ವಾಟ್ಸಾಪ್ ಗ್ರೂಪಿಗೆ ಬೀಗ ಹಾಕಿದ್ದರು. "ಗ್ರೂಪ್ ಅಂದ್ರೆ ಬಿಲ್ಡಿಂಗಿನ ಗೇಟ್ ಇದ್ದ ಹಾಗೆ. ಕೀ ನನ್ನತ್ರ ಮಾತ್ರ ಇರ್ಲಿ." ಇನ್ನು ಮೆಸೇಜು ಹಾಕುವವರು ಅವರೊಬ್ಬರೇ.

ಇವತ್ತು ಬೆಳಿಗ್ಗೆ ಅವರ ಫೋನೇ ಹ್ಯಾಕ್ ಆಯಿತು. 'ಇಂದು ಗ್ಯಾಸ್ ಬಂದ್, ಈ ಲಿಂಕ್ ಒತ್ತಿ' ಎಂದು ಶೆಟ್ಟರ ಹೆಸರಿನಲ್ಲೇ ಮೆಸೇಜು. ನಮ್ಮತ್ತೆ ಆಗಲೇ ಕನ್ನಡಕ ಹುಡುಕುತ್ತಿದ್ದರು. ಒತ್ತಬೇಡಿ ಎನ್ನಲು ಗ್ರೂಪಿನಲ್ಲಿ ಯಾರಿಗೂ ಬಾಯಿಲ್ಲ!

ಮೇಲಿನ ಮನೆಯ ಸರೋಜಕ್ಕ ಗ್ಯಾಲರಿಗೆ ಬಂದು ಬೊಬ್ಬೆ ಹೊಡೆದರು: "ಯಾರೂ ಒತ್ಬೇಡಿ, ಅದು ಶೆಟ್ರಲ್ಲ, ಕಳ್ಳ!" ಸದ್ಯ, ಯಾರೂ ಒತ್ತಿರಲಿಲ್ಲ.

ಟವೆಲಿನಲ್ಲೇ ಓಡಿಬಂದ ಶೆಟ್ಟರಿಗೆ ಸರೋಜಕ್ಕ ಹೇಳಿದರು: "ಗೇಟಲ್ಲ ಮಾರಾಯ್ರೆ, ಅದು ಲೋಕಲ್ ಟ್ರೈನಿನ ಡಬ್ಬ. ಕಿಸೆಗಳ್ಳ ಹತ್ತಿದ್ರೆ ನೋಡಿದವರೆಲ್ಲ ಬೊಬ್ಬೆ ಹಾಕುವ ಹಾಗಿರ್ಬೇಕು."

ಸಂಜೆ ಫೋನು ಸರಿಹೋದದ್ದೇ ಶೆಟ್ಟರು ಬೀಗ ತೆಗೆದರು. ಮರುಕ್ಷಣವೇ ಸರೋಜಕ್ಕನ ಗುಲಾಬಿ, ಸಂಜೆಯಾದರೂ ಗುಡ್ ಮಾರ್ನಿಂಗ್. ಅದಕ್ಕೆ ಗ್ರೂಪಿನಲ್ಲಿ ಮೊದಲು ಕೈಮುಗಿದವರು ಶೆಟ್ಟರೇ.