ತುವಾ ಕೇಳದೇ ಹೋದ ಅರ್ಧ ಕಥೆ

2004ರಲ್ಲಿ ನಾನು ಸ್ವೀಡನ್ನಿನ ಉಮೆಯೊದಲ್ಲಿ, ಊರಂಚಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿದ್ದೆ. ದಾವಣಗೆರೆಯಲ್ಲಿ ಹನ್ನೊಂದು ವರ್ಷ ಹೈಸ್ಕೂಲು ಮೇಡಂ ಆಗಿ ಮೆರೆದವಳು. ನಮ್ಮ ಯಜಮಾನರಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತೆಂದು ಜೊತೆಗೆ ಬಂದು, ಒದ್ದಾಡಿ ಸ್ವೀಡಿಷ್ ಕಲಿತು, ಕೊನೆಗೆ ಎಂಟು ವರ್ಷದ ಮಕ್ಕಳ ಬಾಯಲ್ಲಿ ಬರೀ ‘ಜಯಂತಿ’ ಅನ್ನಿಸಿಕೊಂಡೆ. ಇಲ್ಲಿ ಮಿಸ್ಸೂ ಇಲ್ಲ, ಮೇಡಮ್ಮೂ ಇಲ್ಲ. ಹೆಡ್‌ಮಾಸ್ತರರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮೊದಮೊದಲು ಮೈ ಉರಿಯುತ್ತಿತ್ತು, ಆಮೇಲೆ ರೂಢಿಯಾಯಿತು.

ಬಡತನವೆಂದರೆ ಹರಿದ ಬಟ್ಟೆ ಎಂದುಕೊಂಡಿದ್ದ ನನ್ನ ಕಣ್ಣಿಗೆ ಇಲ್ಲಿಯ ಬಡತನ ಮೊದಲು ಬೀಳಲೇ ಇಲ್ಲ. ಎಲ್ಲರಿಗೂ ಬೂಟಿತ್ತು, ಜಾಕೆಟ್ಟಿತ್ತು. ಸೋಮವಾರದ ಊಟಕ್ಕೆ ಕೆಲವು ಮಕ್ಕಳು ಮತ್ತೆ ಮತ್ತೆ ತಟ್ಟೆ ಹಿಡಿದು ಬರುವುದನ್ನು ನೋಡಿದ ಮೇಲೆ, ಶನಿವಾರ ಭಾನುವಾರ ಆ ಮನೆಗಳಲ್ಲಿ ಅಡುಗೆಯೇ ಆಗಿರುವುದಿಲ್ಲವೆಂದು ತಿಳಿಯಿತು. ಇವರೆಲ್ಲ ಬೇರೆ ದೇಶಗಳಿಂದ ಓಡಿ ಬಂದವರ ಮಕ್ಕಳಿರಬೇಕು ಅಂದುಕೊಂಡೆ. ಅದೂ ತಪ್ಪು. ಅರ್ಧಕ್ಕರ್ಧ ಇಲ್ಲೇ ಹುಟ್ಟಿ ಬೆಳೆದ ಸ್ವೀಡಿಷ್ ಕುಟುಂಬಗಳವರು.

ತುವಾ ಅಂಥವಳು. ಎರಡನೇ ತರಗತಿ, ಬಿಳಿ ಎನ್ನಬಹುದಾದಷ್ಟು ತಿಳಿಗೂದಲು. ಅಪ್ಪ ಲಾರಿ ಓಡಿಸುತ್ತಿದ್ದವನು, ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿದ್ದ. ಅವಳು ಶಾಲೆಯಲ್ಲಿ ಮಾತಾಡುತ್ತಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬರವಣಿಗೆ ಮುತ್ತು ಪೋಣಿಸಿದ ಹಾಗೆ, ಬಾಯಿ ಮಾತ್ರ ಬಿಚ್ಚಳು. ಕ್ರಿಸ್‌ಮಸ್‌ನೊಳಗೆ ಏನೂ ಬದಲಾಗದಿದ್ದರೆ ಊರಿನ ಆಚೆ ತುದಿಯ ವಿಶೇಷ ತರಗತಿಗೆ ಅವಳನ್ನು ಕಳಿಸುವುದೆಂದು ಶಾಲೆ ನಿರ್ಧರಿಸಿತ್ತು. ನನಗೆ ಹಟ ಹತ್ತಿತು. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಹುಡುಗಿಯನ್ನು ಎತ್ತಿ ಬೇರೆ ಕಡೆ ಹಾಕುವುದೆಂದರೇನು? ಅವಳನ್ನು ಮಾತಾಡಿಸಿಯೇ ತೀರುತ್ತೇನೆ, ಈ ತರಗತಿಯಲ್ಲೇ ಉಳಿಸಿಕೊಳ್ಳುತ್ತೇನೆ ಎಂದು ತರಗತಿಯ ಮುಖ್ಯ ಶಿಕ್ಷಕಿ ಬಿರ್ಗಿತ್ತಾಗೆ ಹೇಳಿಬಿಟ್ಟೆ.

ಆ ಶರತ್ಕಾಲದಲ್ಲಿ ನ್ಯೂಜಿಲೆಂಡಿನಿಂದ ಬಂದ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಪೈಕಿಯ ಶಿಕ್ಷಕಿಯೊಬ್ಬರು ನಮಗೆ ಕಥೆ ಹೇಳುವ ತರಬೇತಿ ಕೊಟ್ಟರು. ಅವರ ಪದ್ಧತಿಯಲ್ಲಿ ಕಥೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಕಥೆಯೊಳಗೆ ಹೋಗಿ ಕೂರಬೇಕು. ಮಕ್ಕಳೂ ಪಾತ್ರ, ನಾವೂ ಪಾತ್ರ. ಕಥೆ ಗಂಟು ಬಿದ್ದಲ್ಲಿ ಮುಂದೇನು ಮಾಡೋಣವೆಂದು ಮಕ್ಕಳನ್ನೇ ಕೇಳಬೇಕು, ಅಲ್ಲಿಗೇ ನಿಲ್ಲಿಸಬೇಕು. ಒಂದು ವಾರ ಅದು ಅವರ ತಲೆಯಲ್ಲಿ ಕೊರೆಯುತ್ತಿರಬೇಕು. ನಾನು ಅದಕ್ಕೆ ಮೊದಲು ನಮ್ಮ ಕಾಗೆ, ನರಿಗಳನ್ನೆಲ್ಲ ಪ್ರಯೋಗಿಸಿ ಸೋತಿದ್ದೆ. ಟಿವಿಯಲ್ಲಿ ನೋಡಿದ್ದೇವೆ ಎಂದು ಮಕ್ಕಳು ಆಕಳಿಸಿದ್ದರು. ಮಾವೊರಿ ಕಥೆ ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅದರ ಮುಂದೆ ಎಲ್ಲರೂ ಸಮಾನರಾದರು. ಕಥೆಯಲ್ಲಿ ಬರುವ ಹೆಸರುಗಳನ್ನು ಸರಿಯಾಗಿ ಉಚ್ಚರಿಸಿ, ಅವರು ನಮ್ಮ ಹಿರಿಯರು ಎಂದಷ್ಟೇ ಆ ಶಿಕ್ಷಕಿ ಕೇಳಿಕೊಂಡಿದ್ದರು.

ಕಥೆ ಹೀಗಿದೆ. ರಂಗಿನುಯಿ ಆಕಾಶ, ತಂದೆ. ಪಾಪಾತುಆನುಕು ಭೂಮಿ, ತಾಯಿ. ಇಬ್ಬರೂ ಬಿಗಿಯಾಗಿ ಅಪ್ಪಿಕೊಂಡಿದ್ದಾರೆ. ಅವರ ಗಂಡುಮಕ್ಕಳೆಲ್ಲ ನಡುವಿನ ಕತ್ತಲಲ್ಲಿ ಮುದುಡಿ ಮಲಗಿದ್ದಾರೆ, ಬೆಳಕೆಂದರೇನೆಂದು ತಿಳಿಯದವರು. ಕೊನೆಗೆ ಕಾಡಿನ ದೇವರಾಗಲಿರುವ ಮಗ ಬೆನ್ನನ್ನು ಅಮ್ಮನಿಗೆ ಆನಿಸಿ, ಕಾಲಿನಿಂದ ಅಪ್ಪನನ್ನು ಮೇಲಕ್ಕೆ ಒದ್ದು ತಳ್ಳುತ್ತಾನೆ. ಬೆಳಕು ಬರುತ್ತದೆ. ಆಮೇಲೆ ಆ ಮಗನೇ ತಾಯಿಗೆ ಮರಗಿಡಗಳ ಉಡುಗೆ ಉಡಿಸುತ್ತಾನೆ, ತಂದೆಗೆ ನಕ್ಷತ್ರ ತೊಡಿಸುತ್ತಾನೆ. ಗಾಳಿಯ ದೇವರಾದ ಒಬ್ಬ ಮಗ ಮಾತ್ರ ಇದಕ್ಕೆ ಒಪ್ಪದೆ, ಹೋಗಿ ತಂದೆಯ ಹತ್ತಿರ ಇರುತ್ತಾನೆ.

ನವೆಂಬರಿನ ಒಂದು ಗುರುವಾರ. ಆ ತಿಂಗಳಲ್ಲಿ ಉಮೆಯೊದಲ್ಲಿ ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು. ಬೆಂಚುಗಳನ್ನು ಜೋಡಿಸಿ, ಮೇಲೆ ಬೂದು ಕಂಬಳಿ ಹೊದಿಸಿ, ಕೆಳಗೆ ಜಮಖಾನ ಹಾಸಿ, ಮಕ್ಕಳನ್ನೆಲ್ಲ ಅದರೊಳಗೆ ತೂರಿಸಿದೆವು. ಪುಣ್ಯಕ್ಕೆ ಸೀರೆಯಲ್ಲಿರದೆ ಪ್ಯಾಂಟಿನಲ್ಲಿದ್ದೆ, ನಾನೂ ನುಸುಳಿದೆ. ದೊಡ್ಡಣ್ಣನ ಪಾತ್ರದಲ್ಲಿ ಕೇಳಿದೆ: ಅಪ್ಪ ಅಮ್ಮನನ್ನು ಬೇರೆ ಮಾಡೋಣವೇ? ತಳ್ಳೋಣ, ತಳ್ಳೋಣ ಎಂದು ಗದ್ದಲವೆದ್ದಿತು. ಆ ಗದ್ದಲದ ಕೆಳಗಿನಿಂದ, ನಾನು ಎಂದೂ ಕೇಳಿರದ ಸ್ವಲ್ಪ ಒಡಕು ದನಿಯೊಂದು ಬಂತು.

“ತಳ್ಳಬೇಡಿ.”

ಅದು ತುವಾ. ಪಾತ್ರದಿಂದ ಹೊರಗೆ ಬರದೆ, ಕತ್ತಲೆಯಲ್ಲೇ ಇರೋಣವೇ ತಮ್ಮಾ ಎಂದು ಕೇಳಿದೆ.

“ಕತ್ತಲೆ ಏನೂ ಆಗಲ್ಲ. ಮಂಚದ ಕೆಳಗೆ ಸುಮ್ನೆ ಇದ್ರೆ ಆಯ್ತು. ಅಪ್ಪ ನಿದ್ದೆ ಹೋದ್ಮೇಲೆ ಅಮ್ಮ ಬಂದು ಕರೀತಾಳೆ. ಬೇರೆ ಮಾಡಿದ್ರೆ ಅಪ್ಪ ಅಳ್ತಾನೆ.”

ನನಗೆ ಕುಣಿಯುವಷ್ಟು ಸಂತೋಷವಾಯಿತು. ಗಂಟು ಬಿದ್ದಿದೆ, ಇಲ್ಲೇ ನಿಲ್ಲಿಸಬೇಕು. ಮುಂದಿನ ಗುರುವಾರ ನೋಡೋಣ ಎಂದು ಕಂಬಳಿ ಎತ್ತಿದೆ. ಮಕ್ಕಳು ಅನ್ಯಾಯ ಎಂದು ಕೂಗಿಕೊಂಡು ಊಟಕ್ಕೆ ಓಡಿದರು.

ಫಿಕಾ ಕೋಣೆಯಲ್ಲಿ, ಅಂದರೆ ಎಲ್ಲರೂ ಕಾಫಿಗೆ ಕೂರುವಲ್ಲಿ, ಗೆದ್ದುಬಿಟ್ಟೆ, ಇನ್ನು ಆ ಹುಡುಗಿಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ ಎಂದು ಒಂದೇ ಸಮ ಹೇಳುತ್ತಿದ್ದೆ. ಬಿರ್ಗಿತ್ತಾ ಕಪ್ಪನ್ನು ಕೆಳಗಿಟ್ಟಳು.

“ಮಾತಾಡಿದಳು, ಸರಿ ಜಯಂತಿ. ಏನು ಹೇಳಿದಳು ಅಂತ ಕೇಳಿಸ್ಕೊಂಡ್ಯಾ?”

ಆಗ ಕೇಳಿಸಿತು.

ಮಗುವಿಗೆ ಮನೆಯಲ್ಲಿ ಅಪಾಯವಿದೆ ಎಂಬ ಅನುಮಾನ ಬಂದರೂ ಸಾಕು, ಶಾಲೆಯವರು ಕೊಮ್ಯೂನಿನ, ಅಂದರೆ ನಗರಾಡಳಿತದ, ಸಮಾಜ ಕಲ್ಯಾಣ ವಿಭಾಗಕ್ಕೆ ತಿಳಿಸಲೇಬೇಕೆಂದು ಇಲ್ಲಿ ಕಾನೂನಿದೆ. ಒಂದು ದಿನ ಕೊಡು, ಮೊದಲು ಅವಳ ತಾಯಿಯನ್ನು ಮಾತಾಡಿಸುತ್ತೇನೆ ಎಂದು ಕೇಳಿಕೊಂಡೆ. ನಮ್ಮ ಕಡೆಯಾದರೆ ಹಾಗೇ ಅಲ್ಲವೇ ಮಾಡುವುದು? ಬೇಡ, ಮನೆಗೆ ಮೊದಲೇ ಸುಳಿವು ಹೋದರೆ ಪೆಟ್ಟು ಬೀಳುವುದು ಆ ತಾಯಿಗೇ ಎಂದಳು ಬಿರ್ಗಿತ್ತಾ. ಅವಳು ಹೇಳಿದ್ದು ಸರಿಯಾಗಿತ್ತು. ಅಂದೇ ವರದಿ ಹೋಯಿತು, ಕೇಳಿಸಿಕೊಂಡವಳೆಂದು ನನ್ನ ಸಹಿಯೊಂದಿಗೆ.

ಸಂಜೆ ಮನೆಯಲ್ಲಿ ಹೇಳಿದರೆ ನಮ್ಮ ಯಜಮಾನರು ಗಾಬರಿಯಾದರು. ನಾವು ಪರ್ಮಿಟ್ ಮೇಲೆ ಇರುವವರು, ಊರವರ ಸಂಸಾರಕ್ಕೆಲ್ಲ ತಲೆ ಹಾಕಬೇಕೇ ಎಂದು ಶುರುಮಾಡಿ, “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ. ನಾಳೆ ಅವರು ಒಂದಾಗ್ತಾರೆ, ನೀನು ಕೆಟ್ಟೋಳಾಗ್ತೀಯ” ಎಂದರು.

“ಅವರು ಉಂಡು ಮಲಗೋ ತನಕ ಆ ಮಗು ಮಂಚದ ಕೆಳಗಿರುತ್ತೆ ಕಣ್ರೀ” ಎಂದೆ.

ಶುಕ್ರವಾರದಿಂದ ತುವಾ ಶಾಲೆಗೆ ಬರಲಿಲ್ಲ. ತಾಯಿ ಮಗಳನ್ನು ಬೇರೆ ಊರಿಗೆ ಸಾಗಿಸುತ್ತಾರೆ, ವಿಳಾಸ ಗುಟ್ಟಾಗಿರುತ್ತದೆ, ನಾವು ಕೇಳಲೂಬಾರದು ಎಂದು ಹೆಡ್‌ಮಾಸ್ತರರು ತಿಳಿಸಿದರು. ಬುಧವಾರ ಶಾಲೆ ಬಿಟ್ಟ ಮೇಲೆ ಸಮಾಜ ಕಲ್ಯಾಣದ ಒಬ್ಬ ಹುಡುಗಿ ತುವಾಳನ್ನು ಕರೆತಂದಳು, ಅವಳ ಸಾಮಾನು ಒಯ್ಯಲು. ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. ಕಾರಿಡಾರಿನ ಗೂಡಿನಿಂದ ಒಳಗೆ ಹಾಕುವ ಚಪ್ಪಲಿ, ಟೊಪ್ಪಿಗೆ, ಚಿತ್ರಗಳು, ಎಲ್ಲವನ್ನೂ ತುವಾ ತಾನೇ ಚೀಲಕ್ಕೆ ಹಾಕಿಕೊಂಡಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನ ಮುಖ ನೋಡದೆ ಕೇಳಿದಳು.

“ಆಮೇಲೆ ತಳ್ಳಿದ್ರಾ?”

ಇಡೀ ವಾರ ಅದನ್ನೇ ಯೋಚಿಸಿದ್ದಳು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ತಳ್ಳಿದ್ರು, ತುವಾ.”

“ನಾನು ಬೇಡ ಅಂದಿದ್ದೆ.”

ತಳ್ಳಿದ ಮೇಲೆ ಬೆಳಕು ಬಂತು, ತಳ್ಳಿದ ಮಗನೇ ಅಮ್ಮನಿಗೆ ಹಸಿರು ಉಡಿಸಿದ, ನಿನ್ನ ಹಾಗೆ ಬೇಡ ಅಂದವನೂ ಒಬ್ಬನಿದ್ದ, ಅವನನ್ನು ಯಾರೂ ತಪ್ಪಿತಸ್ಥ ಅನ್ನಲಿಲ್ಲ, ಎಲ್ಲವನ್ನೂ ಹೇಳಬೇಕಿತ್ತು. “ಕೇಳಿಲ್ಲಿ, ಬೆಳಕು ಬಂತು” ಎಂದು ಶುರುಮಾಡಿದೆ. ಸಮಾಜ ಕಲ್ಯಾಣದ ಹುಡುಗಿ ಕ್ಷಮಿಸಿ ಎಂದು ಗಡಿಯಾರ ತೋರಿಸಿದಳು. ತುವಾ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ನಡೆದುಬಿಟ್ಟಳು.

ಮರುದಿನ ಗುರುವಾರ. ಉಳಿದ ಮಕ್ಕಳು ಕಾಲೆತ್ತಿ ಕಂಬಳಿಯನ್ನು ಒದ್ದರು, ಬಿರ್ಗಿತ್ತಾ ದೀಪ ಹಾಕಿದಳು, ಎಲ್ಲರೂ ಕೇಕೆ ಹಾಕಿದರು. ನಾನು ಮಾತ್ರ ಜಮಖಾನ ಸುತ್ತುವ ನೆವದಲ್ಲಿ ಮುಖ ತಗ್ಗಿಸಿಕೊಂಡೇ ಇದ್ದೆ.

ಆ ಮಗುವನ್ನು ಉಳಿಸಿದೆವು ಎಂದು ಬಿರ್ಗಿತ್ತಾ ಹೇಳುತ್ತಿದ್ದಳು. ಹೌದು, ಉಳಿಸಿದೆವು. ಮತ್ತೆ ಅಂಥದೇ ಮಾತು ಕಿವಿಗೆ ಬಿದ್ದರೆ ಮತ್ತೆ ಸಹಿ ಹಾಕುತ್ತೇನೆ. ಸಂಕಟ ಅದಕ್ಕಲ್ಲ. ಬಾಯಿ ಬಿಟ್ಟರೆ ಅಪ್ಪ ಹೋಗುತ್ತಾನೆ ಎಂಬಷ್ಟನ್ನೇ ಕಲಿತು ಅವಳು ಹೋದಳಲ್ಲ, ಅದಕ್ಕೆ. ಹೊಸ ಊರಿನ ಹೊಸ ತರಗತಿಯಲ್ಲಿ ಅವಳು ಮಾತಾಡಿದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು, ತಿಳಿಯುವ ದಾರಿಯೂ ಇಲ್ಲ.

ನಿವೃತ್ತಳಾಗುವವರೆಗೂ ಅದೇ ಪದ್ಧತಿಯಲ್ಲಿ ಕಥೆ ಕಟ್ಟಿದೆ, ಹೊಸ ಶಿಕ್ಷಕಿಯರಿಗೂ ಕಲಿಸಿದೆ. ಮಕ್ಕಳನ್ನು ಕತ್ತಲೆಗೆ ಕರೆದೊಯ್ಯಿರಿ, ಮುಂದೇನೆಂದು ಅವರನ್ನೇ ಕೇಳಿರಿ, ಆದರೆ ದೀಪ ಹಾಕಿಯೇ ಊಟಕ್ಕೆ ಬಿಡಿ ಎಂದು ಹೇಳುತ್ತಿದ್ದೆ. ಕುತೂಹಲ ಹಾಳಾಗುತ್ತದಲ್ಲ ಎಂದು ಅವರು ವಾದಿಸುತ್ತಿದ್ದರು. ಹಾಳಾದರೆ ಆಗಲಿ. ಮುಂದಿನ ಗುರುವಾರ ಎಲ್ಲ ಮಕ್ಕಳೂ ಬಂದೇ ಬರುತ್ತಾರೆಂದು ನಿಮಗೆ ಯಾರು ಹೇಳಿದರು?