ಪೆಡಲ್ ಗಟ್ಟಿಯಾಗುವ ಮೊದಲು

ಕಾರಿನ ಮುಂದಿನ ಎರಡು ಚಕ್ರಗಳ ಬ್ರೇಕ್ ಪ್ಯಾಡ್ ಬದಲಾಯಿಸಲು ನಮ್ಮ ಗ್ಯಾರೇಜ್ ಮೇಸ್ತ್ರಿ ಕೇಳುತ್ತಿದ್ದ ಕೂಲಿ ಇನ್ನೂರೈವತ್ತು ರೂಪಾಯಿ. ಗಿರಿನಗರ, ಹನುಮಂತನಗರದಲ್ಲಿ ಬೇರೆ ಯಾರೇ ಆದರೂ ಅದನ್ನು ನೂರೈವತ್ತಕ್ಕೆ ಮಾಡಿಕೊಡುತ್ತಿದ್ದರು. ಹೆಚ್ಚಿನ ನೂರು ಅವರ ಬಲಗೈ ಹೆಬ್ಬೆರಳಿಗೆ ಎಂದು ನಾನು ಹಂಗಿಸುತ್ತಿದ್ದೆ. ಆ ಹೆಬ್ಬೆರಳಿನ ಉಗುರು ಹುಣಸೆಬೀಜದಂತೆ ಕಪ್ಪಗೆ, ದಪ್ಪಗೆ ಇತ್ತು. ಚಕ್ರ ಬಿಚ್ಚಿದೊಡನೆ ಅದನ್ನು ಡಿಸ್ಕಿನ ಮೇಲೆ ಒಳಗಿನಿಂದ ಹೊರಗಂಚಿಗೆ ಮೆಲ್ಲಗೆ ಎಳೆಯುವರು. ಗೀರು ಬಿದ್ದಿದ್ದರೆ, ಅಂಚು ಸವೆದು ಏಣು ಎದ್ದಿದ್ದರೆ ಉಗುರು ಅಲ್ಲೇ ತಡೆಯುತ್ತಿತ್ತು. ಅಳತೆಯ ಉಪಕರಣವೂ ಅವರ ಬಳಿ ಇತ್ತು. ಆದರೆ ಅದನ್ನು ಹೊರತೆಗೆಯುತ್ತಿದ್ದುದು ನನ್ನಂಥ ಅನುಮಾನದ ಗಿರಾಕಿಗೆ ತೋರಿಸಲು ಮಾತ್ರ.

ನಾನು ಪೈಪು ಹೊತ್ತು ಮೇಲೆ ಬಂದವನು. ಕತ್ರಿಗುಪ್ಪೆಯಲ್ಲಿ ನಲ್ಲಿ, ಪೈಪಿನ ಸ್ವಂತ ಅಂಗಡಿ ಮಾಡಿ, ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡೆ. ಕೇಳಿದ ಬೆಲೆ ಕೊಡುವುದು ನನ್ನ ಪ್ರಕಾರ ಸೋಮಾರಿತನ. ಒಮ್ಮೆ ನಾನೇ ಮಾರುಕಟ್ಟೆಗೆ ಹೋಗಿ ಅರ್ಧ ಬೆಲೆಯ ಪ್ಯಾಡ್ ತಂದು ಮೇಸ್ತ್ರಿಯ ಮುಂದಿಟ್ಟೆ. ಅವರು ಎರಡು ಪ್ಯಾಡ್ ಎತ್ತಿಕೊಂಡು ಒಂದಕ್ಕೊಂದು ತಟ್ಟಿ ನೋಡಿದರು.

"ಎಲ್ಲಿ ತಂದ್ರಿ ಸಾವ್ಕಾರ್ರೇ?"

"ಯಾಕೆ, ಚೆನ್ನಾಗಿಲ್ವಾ?"

"ಟೀಗೆ ಅದ್ಕೊಂಡು ತಿನ್ನೋಕೆ ಚೆನ್ನಾಗಿದೆ."

ಹಾಕಲಿಲ್ಲ. ಎಷ್ಟು ಹೇಳಿದರೂ ಹಾಕಲಿಲ್ಲ. "ಇಂಜಿನ್ ಕೆಟ್ರೆ ನೀವು ಗಾಡಿ ತಳ್ಕೊಂಡು ಮನೆಗೆ ಹೋಗ್ತೀರಿ. ಬ್ರೇಕ್ ಕೆಟ್ರೆ ನಿಮ್ಮನ್ನ ಯಾರಾದ್ರೂ ಎತ್ಕೊಂಡು ಹೋಗ್ಬೇಕಾಗುತ್ತೆ" ಎಂದರು. ಗಿರಿನಗರದ ಆ ಇಳಿಜಾರಿನ ಬೀದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಅವರ ಬಳಿಗೆ ಬನಶಂಕರಿ, ಜಯನಗರದಿಂದಲೂ ಬ್ರೇಕ್ ಕೆಲಸಕ್ಕೆಂದೇ ಜನ ಬರುತ್ತಿದ್ದರು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿದರೆ ಅದನ್ನು ಆಯಿಲ್ ಹೋಸಿನಲ್ಲಿ ನೇತಾಡಲು ಬಿಡದೆ ತಂತಿ ಕಟ್ಟಿ ತೂಗುಹಾಕುವರು. ಬ್ರೇಕಿನ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸುವರು. ಎಲ್ಲಕ್ಕಿಂತ ಕಟ್ಟುನಿಟ್ಟಿನ ಪದ್ಧತಿ ಇನ್ನೊಂದಿತ್ತು. ಬ್ರೇಕಿಗೆ ಕೈಹಾಕುವ ಮುನ್ನ ಗಾಡಿಯ ಕೀ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕುವರು. ಕೆಲಸ ಮುಗಿದ ಮೇಲೆ ತಾವೇ ಒಳಗೆ ಕೂತು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಳಿದು, ಆಮೇಲಷ್ಟೇ ಕೀ ಕೊಡುವರು.

ಏಕೆಂದರೆ ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗವಾಗಲು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರೆ. ಮೊದಲ ಕೆಲವು ತುಳಿತಗಳು ಅದನ್ನು ಮುಂದಕ್ಕೆ ತರಲಿಕ್ಕೇ ಖರ್ಚಾಗುತ್ತವೆ. ಅಲ್ಲಿಯವರೆಗೆ ಬ್ರೇಕ್ ಹಿಡಿಯುವುದಿಲ್ಲ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ ಎನ್ನಲಾರೆ. ಅವರು ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವರು ಪ್ಯಾಡ್ ಹಾಕಿ, ಚಕ್ರ ಬಿಗಿದು, ಜಾಕ್ ಇಳಿಸಿ, ಕೈ ತೊಳೆಯಲು ಶೆಡ್ಡಿನೊಳಕ್ಕೆ ಹೋದರು. ನಾನು ಹೊರಗಿನಿಂದಲೇ ಶುರುಮಾಡಿದೆ.

"ಮೇಸ್ತ್ರಿ, ಇನ್ನೂರು ಮಾಡ್ಕೊಳ್ಳಿ."

"ಇನ್ನೂರೈವತ್ತು ಸಾರ್."

"ಹಳೇ ಗಿರಾಕಿ ನಾನು."

"ಅದಕ್ಕೇ ಮುನ್ನೂರು ಕೇಳಲಿಲ್ಲ."

ನನ್ನ ವ್ಯಾಪಾರದಲ್ಲಿ ಇದಕ್ಕೊಂದು ಮದ್ದಿದೆ. ಎದ್ದು ಹೊರಡುವುದು. ಗಿರಾಕಿ ಎರಡು ಮೆಟ್ಟಿಲು ಇಳಿದ ಕೂಡಲೇ ಎಂಥ ಅಂಗಡಿಯವನೂ ಕೂಗಿ ಕರೆಯುತ್ತಾನೆ. ಇನ್ನೂರು ರೂಪಾಯಿಯನ್ನು ಸ್ಟೂಲಿನ ಮೇಲಿಟ್ಟು, "ಬರ್ತೀನಿ ಮೇಸ್ತ್ರಿ" ಎಂದು ಕಾರಿಗೆ ಹತ್ತಿದೆ. ಕೀ ಅವರ ಜೇಬಿನಲ್ಲಿತ್ತು. ಆದರೆ ನಾನು ಯಾವಾಗಲೂ ಎರಡನೆಯ ಕೀಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವ ಜಾಣ. ಸ್ಟಾರ್ಟ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿದೆ.

ಮೇಸ್ತ್ರಿ ಒದ್ದೆ ಕೈಯಲ್ಲೇ ಓಡಿಬಂದರು. "ಸಾರ್, ಬೇಡ, ನಿಲ್ಲಿ, ನಿಲ್ಲಿ" ಎಂದು ಕೈಯಡ್ಡ ಹಿಡಿದು ಗಾಡಿಯ ಮುಂದೆಯೇ ಬಂದರು. ದೇವರಾಣೆ ಹೇಳುತ್ತೇನೆ, ಆಗ ನನಗೆ ಬಂದದ್ದು ನಗು. ಮದ್ದು ಕೆಲಸ ಮಾಡಿತು, ಐವತ್ತು ಉಳಿಯಿತು ಎಂದುಕೊಂಡೆ. ಗಾಡಿ ಆಗಲೇ ಇಳಿಜಾರಿಗೆ ಉರುಳುತ್ತಿತ್ತು. ನಿಲ್ಲಿಸಲೆಂದು ಬ್ರೇಕ್ ತುಳಿದೆ. ಪೆಡಲ್ ಹತ್ತಿಯ ಹಾಸಿಗೆ ತುಳಿದಂತೆ ತಳಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ನೆನಪಾಗುವಷ್ಟರಲ್ಲಿ ಬಂಪರಿಗೂ ಬೀದಿಯಂಚಿನ ಕಬ್ಬಿಣದ ಬೆಂಚಿಗೂ ನಡುವೆ ಅವರ ಎಡ ಮೊಣಕಾಲು ಸಿಕ್ಕಿಕೊಂಡಿತ್ತು.

"ಬ್ರೇಕ್ ಹಿಡೀಲಿಲ್ಲ, ಬ್ರೇಕ್ ಹಿಡೀಲಿಲ್ಲ" ಎಂದು ಕಿರುಚಿಕೊಂಡೇ ಇಳಿದೆ. ಎದುರಿನ ಟೀ ಅಂಗಡಿಯವರು, ಅಲ್ಲಿ ನಿಂತಿದ್ದ ಏಳೆಂಟು ಮಂದಿ ಓಡಿಬಂದು ಗಾಡಿಯನ್ನು ಹಿಂದಕ್ಕೆ ತಳ್ಳಿದರು.

ಟೀ ಅಂಗಡಿಯವರು ನನ್ನನ್ನು ಕೇಳಿದರು: "ಈಗ ತಾನೇ ಮೇಸ್ತ್ರೀನೇ ಅಲ್ವಾ ಸಾರ್ ಬ್ರೇಕ್ ಮಾಡಿದ್ದು?"

"ಹೂಂ" ಎಂದೆ.

ಅಷ್ಟೇ. ಅದು ಸುಳ್ಳಲ್ಲ. ಅದಕ್ಕೇ ಅದನ್ನು ಇಷ್ಟು ವರ್ಷವಾದರೂ ಅರಗಿಸಿಕೊಳ್ಳಲಾಗಿಲ್ಲ. ನೆಲದ ಮೇಲಿದ್ದ ಮೇಸ್ತ್ರಿ ನನ್ನ ಹೂಂ ಕೇಳಿಸಿಕೊಂಡರು. ಒಂದು ಕ್ಷಣ ನನ್ನನ್ನೇ ನೋಡಿ, "ಸಾರ್‌ಗೆ ಸ್ವಲ್ಪ ನೀರು ಕೊಡಿ, ಗಾಬರಿಯಾಗಿದ್ದಾರೆ" ಎಂದರು.

ಆಸ್ಪತ್ರೆಯ ಖರ್ಚು ನಾನೇ ಕೊಟ್ಟೆ. ಬೀದಿಯಲ್ಲಿ ಅದಕ್ಕೂ ನನಗೆ ಒಳ್ಳೆಯ ಹೆಸರು ಬಂತು. ಮೇಸ್ತ್ರಿ ಮಾಡಿದ ಬ್ರೇಕ್ ಅವರ ಶೆಡ್ಡಿನ ಮುಂದೆಯೇ ಕೈಕೊಟ್ಟಿತು, ಆದರೂ ಪಾಪ ಕಾರಿನವರೇ ದುಡ್ಡು ಕೊಟ್ಟರು ಎಂದು. ಮೂರು ವಾರವಾದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದಮೇಲೆ ಬಾಯಿಬಿಟ್ಟೆ.

"ತಪ್ಪು ನನ್ನದು ಮೇಸ್ತ್ರಿ."

"ಅದು ನನಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿರೋರಿಗೇ ಹೇಳಿದ್ರೆ ಏನು ಬಂತು ಸಾರ್? ಟೀ ಅಂಗಡಿ ಹತ್ರ ನಿಂತು ಒಂದು ಮಾತು ಹೇಳಿ. ನನಗೆ ಇರೋದು ಅದೊಂದೇ ಹೆಸರು."

"ನಾಳೇನೇ ಹೇಳ್ತೀನಿ" ಎಂದೆ.

ಮರುದಿನ ಹೋದೆ ಕೂಡ. ಟೀ ಕುಡಿಯುತ್ತಿದ್ದವರಲ್ಲಿ ಇಬ್ಬರು ಮನೆ ಕಟ್ಟಿಸುವ ಕಂಟ್ರಾಕ್ಟರುಗಳು, ನನ್ನ ಖಾಯಂ ಗಿರಾಕಿಗಳು. ಐವತ್ತು ರೂಪಾಯಿಗೆ ಒಬ್ಬರ ಕಾಲು ಮುರಿದವನು ಎಂದು ಇವರ ಬಾಯಿಗೆ ಬಿದ್ದರೆ ನನ್ನ ಅಂಗಡಿಯ ಗತಿ ಏನು ಎಂದು ಲೆಕ್ಕ ಹಾಕಿದೆ. ಮಳೆಯ ವಿಷಯ ಮಾತಾಡಿ, ಟೀ ಕುಡಿದು ಬಂದೆ.

ಮೇಸ್ತ್ರಿ ಕುಂಟುತ್ತ ಮತ್ತೆ ಶೆಡ್ ತೆರೆದರು. ಆಯಿಲ್ ಬದಲಾಯಿಸಲು, ಬಲ್ಬು ಹಾಕಿಸಲು, ಹಾರ್ನ್ ಸರಿಮಾಡಿಸಲು ಜನ ಬಂದರು. ಬ್ರೇಕಿಗೆ ಯಾರೂ ಬರಲಿಲ್ಲ. ಬರುತ್ತಿದ್ದುದು ನಾನೊಬ್ಬನೇ. ಆಗಲೂ ಕೀ ಇಸಿದುಕೊಂಡು ಜೇಬಿಗೆ ಹಾಕುವರು; "ಎರಡನೇದೂ ಕೊಡಿ" ಎಂದು ಕೈ ನೀಡುವರು. ಕೇಳಿದಷ್ಟನ್ನು ನಾನು ಎಣಿಸಿ ಕೊಟ್ಟರೆ, "ಏನ್ ಸಾವ್ಕಾರ್ರೇ, ಚೌಕಾಸಿ ಮರೆತೇಬಿಟ್ರಾ?" ಎಂದು ನಗುವರು. ಆ ನಗುವಿನಲ್ಲಿ ಸಿಟ್ಟಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಟೀ ಅಂಗಡಿಯ ಮಾತನ್ನು ಅವರು ಇನ್ನೊಮ್ಮೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಐದಾರು ವರ್ಷದ ಮೇಲೆ ಒಂದು ಬೆಳಿಗ್ಗೆ ಎದೆನೋವೆಂದು ಮಲಗಿದ ಮೇಸ್ತ್ರಿ ಏಳಲಿಲ್ಲ. ಮನೆಯ ಮುಂದೆ ಬೀದಿಯವರೆಲ್ಲ ಸೇರಿದ್ದರು. ಟೀ ಅಂಗಡಿಯವರು ನಿಟ್ಟುಸಿರುಬಿಟ್ಟು, "ಬಂಗಾರದಂಥ ಮನುಷ್ಯ. ಆ ಒಂದು ಬ್ರೇಕಲ್ಲಿ ಎಡವಿಬಿಟ್ರು" ಎಂದರು.

"ಅವರು ಎಡವಲಿಲ್ಲ" ಎಂದೆ. ಆಮೇಲೆ ಎಲ್ಲ ಹೇಳಿದೆ, ಕೀ, ಐವತ್ತು ರೂಪಾಯಿ, ಹೂಂ, ಎಲ್ಲ. ಯಾರೂ ಬೈಯಲಿಲ್ಲ. ಬಾಗಿಲ ಬಳಿ ಕೂತಿದ್ದ ಅವರ ಹೆಂಡತಿ ತಲೆಯೆತ್ತಿ, "ಇದನ್ನ ಅವರು ಕೇಳಿಸ್ಕೋಬೇಕಿತ್ತು ಸಾರ್" ಎಂದರು.

ಕಾರಿರುವವರಿಗೆ ನಾಲ್ಕು ಮಾತು ಹೇಳುತ್ತೇನೆ. ಪ್ಯಾಡ್ ಪೂರ್ತಿ ಸವೆದು ಕಬ್ಬಿಣ ಕಿರುಗುಟ್ಟುವವರೆಗೆ ಕಾಯಬೇಡಿ, ಡಿಸ್ಕೂ ಹಾಳಾಗುತ್ತದೆ. ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ದರದ ಮಾತನ್ನು ಕೆಲಸಕ್ಕೆ ಮೊದಲೇ ಮುಗಿಸಿಬಿಡಿ. ಕೆಲಸವಾದ ಮೇಲೆ ಗಾಡಿ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಯಾರೋ ತುಳಿದಿರುತ್ತಾರೆ ಎಂದು ನಂಬಬೇಡಿ. ಇಷ್ಟಾಗಿಯೂ ಏನಾದರೂ ಕೆಟ್ಟು, ಬೀದಿಯ ಜನ ಸುತ್ತ ನಿಂತು ಯಾರು ಮಾಡಿದ್ದು ಎಂದು ಕೇಳಿದರೆ, ಪೂರ್ತಿ ಉತ್ತರ ಕೊಡಿ. ಅಲ್ಲೇ, ಅದೇ ಜನರ ಮುಂದೆ, ಆ ಮನುಷ್ಯ ಕೇಳಿಸಿಕೊಳ್ಳುತ್ತಿರುವಾಗಲೇ.